ಕಂಬಳಿಯ ಮೇಲೆ ಕೂತು ಹೇಳಿದ ಸುಳ್ಳು

ಮಾಳವ್ವನಿಗೆ ಸುಳ್ಳು ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡವನು ನಾನೇ. ನಾಲ್ಕು ವರ್ಷ ಬಾಯಿ ಬಿಡಲಿಲ್ಲ — ಇನ್ನು ನನ್ನಿಂದ ಆಗುವುದಿಲ್ಲ.

ಕೂಡ್ಲಿಗಿಯ ಹಳೇ ಪೇಟೆಯ ಚೌಕ ಆಗ ಸತ್ತೇಹೋಗಿತ್ತು. ಮುರಿದ ತಳ್ಳುಗಾಡಿ, ಕೊಚ್ಚೆ, ಬೀಗ ಜಡಿದ ಅಂಗಡಿಗಳು. ಕಲೆಯಿಂದ ಅದಕ್ಕೆ ಜೀವ ತುಂಬುವುದೆಂದು ಒಂದು ಸಮಿತಿ ಆಯಿತು, ಡ್ರಾಯಿಂಗ್ ಮಾಸ್ತರನಾದ ನನಗೆ ಗೋಡೆಗಳನ್ನು ಕೊಟ್ಟರು. ಇಪ್ಪತ್ತು ವರ್ಷ ಮಕ್ಕಳಿಂದ ಮಾವಿನಕಾಯಿ ಬರೆಸಿದವನಿಗೆ ಇಡೀ ಚೌಕ! ತಲೆ ತಿರುಗಿತು, ನಿಜ.

ಅಲ್ಲಿ ಉಸಿರಾಡುತ್ತಿದ್ದವಳು ಮಾಳವ್ವ ಒಬ್ಬಳೇ. ಕಾನಹೊಸಹಳ್ಳಿಯಿಂದ ಮೊದಲ ಬಸ್ಸಿಗೆ ಬಂದು, ದೊಡ್ಡ ಗೋಡೆಗೆ ಒರಗಿ, ಗಂಡ ನೇಯ್ದ ಕರಿ ಕಂಬಳಿ ಮಾರುತ್ತಿದ್ದಳು. ಆ ಜಾಗಕ್ಕೆ ವೇದಿಕೆ ಬರಬೇಕಿತ್ತು. ನಿಮ್ಮ ಮಾತು ಕೇಳುತ್ತಾಳೆ, ನೀವೇ ಎಬ್ಬಿಸಿ ಎಂದರು ಸಮಿತಿಯವರು.

ಹೋದೆ. ಕಂಬಳಿ ಹಾಸಿ ಕೂರಿಸಿದಳು.

"ಗ್ವಾಡಿ ಮ್ಯಾಲ ನಿನ್ನ ಚಿತ್ರ ಬರೀತೀನಿ. ಜಾಗ ಬಿಡಬೇಕವ್ವ."

ಬಣ್ಣ ಒಣಗುವತನಕ ಸರಿಯಬೇಕೆಂದು ತಿಳಿದಳು. ಹಾಗೆ ತಿಳಿಯಲಿ ಎಂದೇ ಆ ಮಾತು ಆರಿಸಿದ್ದೆ.

"ಎಷ್ಟು ದಿನರಿ ಮಾಸ್ತರ್ರ?"

"ಎಂಟು ದಿನ."

ಸಮಿತಿಯವರು ಕೊಟ್ಟು ಕಳಿಸಿದ್ದ ಒಪ್ಪಿಗೆ ಕಾಗದದಲ್ಲಿ ಇದ್ದದ್ದು 'ಶಾಶ್ವತವಾಗಿ'.

"ಓದಿ ಹೇಳೂದು ಬ್ಯಾಡ ತಗೋರಿ. ಕಂಬ್ಳಿ ಮ್ಯಾಲ ಕುಂತೋರು ಸುಳ್ಳು ಹೇಳಂಗಿಲ್ಲ" ಎಂದು ಹೆಬ್ಬೆರಳು ಚಾಚಿದಳು. ಅವಳ ಮಂದಿಗೆ ಕಂಬಳಿಯೆಂದರೆ ದೇವರ ಗದ್ದುಗೆ. ನ್ಯಾಯ ಹೇಳುವುದು, ಮದುವೆ ಮಾತು, ಎಲ್ಲ ಅದರ ಮೇಲೆ. ನನಗದು ಚೆನ್ನಾಗಿ ಗೊತ್ತಿತ್ತು — ಗೊತ್ತಿದ್ದೂ ಇಂಕುಪ್ಯಾಡ್ ಮುಂದೆ ಹಿಡಿದೆ.

ಒಂಬತ್ತನೇ ದಿನ ಗಂಟು ಹೊತ್ತು ಬಂದಳು. ಕಾವಲಿನವನು ತಡೆದ. ಗೋಡೆಯ ತುಂಬ ಅವಳೇ ನಗುತ್ತಿದ್ದಳು.

"ನನ್ನ ಚಿತ್ರ ಇರಬೌದು, ನಾ ಕುಂದ್ರಬಾರದೇನ್ರಿ?"

ನಾನು ಕುಂಚ ತೊಳೆಯುವ ನೆವದಲ್ಲಿ ಬೆನ್ನು ತಿರುಗಿಸಿದೆ. ಆ ವಾರವೇ ನನಗೆ ಶಾಲು ಹೊದಿಸಿದರು. ಈಗ ಜನ ಗೋಡೆಯ ಮೇಲಿನ ಅವಳ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ. ಅವಳು ಹಗರಿಬೊಮ್ಮನಹಳ್ಳಿ, ಕೊಟ್ಟೂರು ಎಂದು ಸಂತೆ ಸಂತೆ ಅಲೆದು ಸೋತಳು. ಗಂಡ ಮಗ್ಗ ಬಿಚ್ಚಿಟ್ಟನಂತೆ. ಕೇಳಿದ ಮೇಲೆ ನನ್ನ ಊರಿನ ಚೌಕದಲ್ಲೇ ನಾನು ತಲೆಯೆತ್ತಿ ನಡೆಯಲಾರೆ.

ಮೊನ್ನೆ ಅವಳ ಮನೆಗೆ ಹೋದೆ. ಉಳಿದಿದ್ದ ಒಂದೇ ಕಂಬಳಿ ತಂದು ಹಾಸಿದಳು.

"ಕುಂದರ್ರಿ. ಇದೊಂದು ಮಾರಿಲ್ಲ, ನೀವು ಮಾತು ಕೊಟ್ಟ ಕಂಬ್ಳಿ ಇದು. ಸಮಿತ್ಯಾರು ನಿಮಗೂ ಮೋಸ ಮಾಡ್ಯಾರ, ಪಾಪ."

ನಾಲ್ಕು ವರ್ಷ ಹಾಗೆ ನಂಬಿದ್ದಳು — ನನ್ನನ್ನು!

ಬರೀ ನೆಲದ ಮೇಲೆ ಕೂತೆ. ಎಂಟು ದಿನ ಎಂದಿದ್ದು ನಾನೇ, ಕಾಗದ ಓದಿ ತಿಳಿದೇ ಹಾಗೆ ಹೇಳಿದ್ದು ಎಂದೆ. ನಾಳೆಯೇ ಸಮಿತಿಗೆ ಇದನ್ನೆಲ್ಲ ಬರೆದುಕೊಡುತ್ತೇನೆ, ಜಾಗ ಸಿಗುತ್ತದೋ ಇಲ್ಲವೋ ಹೇಳಲಾರೆ ಎಂದೆ.

ಬೈಯಲಿಲ್ಲ ಅವಳು. ಕಂಬಳಿಯನ್ನು ಎರಡು ಸಲ ಕೊಡವಿದಳು, ಮಡಚಿ ಒಳಗಿಟ್ಟಳು.