ಕಣ ಮತ್ತು ಚೌಕದ ನಡುವೆ ನಾನು

ಆರ್.ಟಿ. ನಗರದ ರೂಮಿನ ಗೆಳೆಯರೇ, ಇವತ್ತಿನ ಗೋಳನ್ನು ಗೋಡೆಗೆ ಅಂಟಿಸಿದ್ದೇನೆ, ಓದಿ.

ಟ್ಯಾಂಕಿನಲ್ಲಿ ನೀರು ಹೇಗೆ ತುಳುಕುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನಮ್ಮ ಆಫೀಸಿನ ಕೆಲಸ. ನೀರನ್ನು ಕಣಗಳಾಗಿ ಓಡಿಸುವವರು ಮೂರ್ತಿ. ಟ್ಯಾಂಕನ್ನು ಚೌಕಗಳಾಗಿ ಕತ್ತರಿಸಿ ಒತ್ತಡ ಲೆಕ್ಕ ಹಾಕುವವರು ಕುಲಕರ್ಣಿ. ಹೆಜ್ಜೆಹೆಜ್ಜೆಗೂ ಕಣ ತನ್ನ ವೇಗವನ್ನು ಚೌಕಕ್ಕೆ ಕೊಡಬೇಕು, ಚೌಕ ಅದನ್ನು ತಿದ್ದಿ ವಾಪಸ್ ಕೊಡಬೇಕು. ಆದರೆ ಒಂದೇ ಮೇಜಿಗೆ ಕೂರುವ ಈ ಇಬ್ಬರು ಮಾತು ಬಿಟ್ಟು ವರ್ಷವಾಯಿತು.

"ಅವರ ಕಣ ಟ್ಯಾಂಕ್ ಬಿಟ್ಟು ಹೊರಗ ಹೊಂಟಾವ ಅಂತ ಹೇಳಪಾ ಅವ್ರಿಗೆ," ಅಂದರು ಕುಲಕರ್ಣಿ.

"ಚೌಕ ಅಷ್ಟ್ ದೊಡ್ಡದು ಮಾಡಿದ್ರೆ ಇನ್ನೇನಾಗುತ್ತೆ ಅಂತ ಕೇಳಪ್ಪ," ಅಂದರು ಮೂರ್ತಿ.

ಇಬ್ಬರಿಗೂ ಕಿವಿ ಚೆನ್ನಾಗಿಯೇ ಕೇಳುತ್ತದೆ. ಆದರೂ ನಾನೇ ಹೇಳಬೇಕು! ನಾಲ್ಕು ಗಂಟೆಯೊಳಗೆ ಇಬ್ಬರ ಲೆಕ್ಕವನ್ನೂ ತೂತು ಹೊಡೆದ ಕಾರ್ಡುಗಳನ್ನು ಕಂಪ್ಯೂಟರ್ ರೂಮಿಗೆ ಕೊಡದಿದ್ದರೆ ನಮ್ಮ ಸರದಿ ಮುಂದಿನ ವಾರಕ್ಕೆ ಹೋಗುತ್ತದೆ. ತಲೆ ಕೆಟ್ಟು, ಟೀ ಕುಡಿಯಲು ಎದ್ದುಹೋದೆ.

ವಾಪಸ್ ಬಂದಾಗ ಬಾಗಿಲಲ್ಲೇ ಕೇಳಿಸಿತು, ಇಬ್ಬರೂ ನೇರವಾಗಿ ಮಾತಾಡುತ್ತಿದ್ದರು.

"ಟೀಗೆ ಹೋದ್ನಲ್ಲ, ಇವನು ಮಹಾ ಸೋಮಾರಿ ಕಣ್ರೀ," ಅಂದರು ಮೂರ್ತಿ.

"ಖರೇ ಅದರಿ, ನಾನೂ ಅದನ್ನ ಹೇಳಬೇಕಂತಿದ್ದೆ," ಅಂದರು ಕುಲಕರ್ಣಿ.

ನಾನು ಒಳಗೆ ಕಾಲಿಟ್ಟ ಕೂಡಲೇ ಇಬ್ಬರೂ ಬಾಯಿ ಮುಚ್ಚಿದರು.

"ಬಂದ್ಯಾ? ಅವರಿಗೆ ಹೇಳಪ್ಪ..." ಅಂದರು ಮೂರ್ತಿ.

ಸರದಿ ತಪ್ಪಿತು. ನಾಳೆಯಿಂದ ನಾನು ಕ್ಯಾಂಟೀನಿನಲ್ಲೇ ಕೂರುತ್ತೇನೆ, ಕೆಲಸ ಬೇಗ ಮುಗಿಯಲಿ.