ನಾನು ಹೊಲಿದ ಮೊದಲ ಕೌದಿ

ಆಗಷ್ಟೇ ಹೊಲಿದು ಮುಗಿಸಿದ್ದ ನನ್ನ ಕೌದಿಯ ಮೂಲೆಯನ್ನು ಹುಸೇನಬೀ ದೊಡ್ಡವ್ವ ಕತ್ತರಿಯಿಂದ ಬಿಚ್ಚತೊಡಗಿದರು.

ಎಪ್ಪತ್ತರ ದಶಕದ ಕೊನೆಯ ಮಾತು. ಅನಗೋಳದ ನಮ್ಮ ಓಣಿಯಲ್ಲಿ ಕೌದಿ ಬೇಕೆಂದರೆ ಎಲ್ಲರೂ ಹಳೇ ಸೀರೆಯ ಗಂಟು ಹೊತ್ತು ಬಾಜೂಮನೆಯ ಈ ದೊಡ್ಡವ್ವನ ಹತ್ತಿರವೇ ಹೋಗುತ್ತಿದ್ದರು. ನಾನು ಮಾತ್ರ ಹಟಕ್ಕೆ ಬಿದ್ದು, ಹುಟ್ಟಲಿರುವ ಕೂಸಿಗೆಂದು ಅವ್ವನ ಇಳಕಲ್ ಸೀರೆ, ಮನೆಯವರ ಹಳೇ ಧೋತರ ಕೂಡಿಸಿ ಒಬ್ಬಳೇ ಹೊಲಿದಿದ್ದೆ. ಅವರಿಂದ ಶಭಾಷ್ ಅನ್ನಿಸಿಕೊಳ್ಳಬೇಕೆಂದೇ ಕರೆದು ತೋರಿಸಿದ್ದೆ.

"ಎಲ್ಲಿ ತಪ್ಪೇತ್ರೀ ದೊಡ್ಡವ್ವಾ?" ಅಂದೆ. ಅಳು ಬರುವುದೊಂದೇ ಬಾಕಿ.

"ಮನ್ಯಾಗ ರೊಟ್ಟಿ ಐತೇನಬೇ?"

ಹಸಿವಾಗಿರಬೇಕೆಂದು ಓಡಿಹೋಗಿ ರೊಟ್ಟಿ, ಪಲ್ಯ ತಂದಿಟ್ಟೆ. ಪಲ್ಯವನ್ನು ಅವರು ಮುಟ್ಟಲಿಲ್ಲ. ರೊಟ್ಟಿಯ ಒಂದು ಚೂರು ಮುರಿದು, ಬಿಚ್ಚಿದ ಮೂಲೆಯೊಳಗೆ ಇಟ್ಟು, ತಾವೇ ಸೂಜಿ ಹಿಡಿದು ಮುಚ್ಚಿದರು.

"ಕೌದಿ ಉಪಾಸ ಇರಬಾರ್ದವ್ವಾ. ಅದರ ಹೊಟ್ಟಿ ತುಂಬಿದ್ರ ಹೊಚಗೊಂಡವರ ಹೊಟ್ಟೀನೂ ತಣ್ಣಗಿರತೈತಿ. ಬ್ಯಾರೇದವರು ಹೊಲದ ಕೌದಿಗೆ ನಾ ರೊಟ್ಟಿ ಇಟ್ಟದ್ದು ಇದಽ ಮೊದಲು, ತಿಳಕೋ."

ಆ ಕೌದಿ ಹೊದ್ದು ನನ್ನ ಮೂವರು ಮಕ್ಕಳೂ ಬೆಳೆದರು. ಆದರೆ ನಾನು ನಿಜವಾಗಿ ಬೀಗಿದ್ದು ಅದನ್ನು ಹೊಲಿದ ಮರುವರ್ಷದ ಬೇಸಿಗೆಯಲ್ಲಿ. ಪಾರಿಶ್ವಾಡದ ಹೆಣ್ಣುಮಗಳೊಬ್ಬಳು ಸೀರೆಗಳ ಗಂಟು ಹೊತ್ತು ಹುಸೇನಬೀ ಮನೆಗೆ ಬಂದಿದ್ದಳು. ದೊಡ್ಡವ್ವ ತಾವೇ ಅವಳ ಕೈಹಿಡಿದು ತಂದು ನನ್ನ ಬಾಗಿಲಲ್ಲಿ ನಿಲ್ಲಿಸಿದರು.