ಓಣಿಗೆ ಕಾಣುವ ಕಲೆ

ಟ್ರಂಕಿನಲ್ಲಿ ಹಳೆ ಬಟ್ಟೆಗಳ ಅಡಿಯಿಂದ ಬಿಳಿ ಟವೆಲೊಂದನ್ನು ಹುಡುಕಿ ತೆಗೆದೆ. ಅಂಚಿನಲ್ಲಿ ಕಿತ್ತಳೆ ಬಣ್ಣದ ಕಲೆ. ಒಗೆದರೆ ಹೋದೀತೇನೋ, ನಾನು ಒಗೆದಿಲ್ಲ. ಸಿಂದಗಿಯಲ್ಲಿ ನಮ್ಮ ಪಕ್ಕದ ಮನೆಯ ಸೊಸೆ, ಅತ್ತಿಗೆಯೆಂಬ ಸಲಿಗೆಯಲ್ಲಿ ನಾನು ವೈನಿ ಎನ್ನುತ್ತಿದ್ದವಳ ಕಣ್ಣೀರಿನ ಕಲೆ ಅದು...

ವೈನಿ ಇಂಡಿ ಕಡೆಯ ನಿಂಬೆ ತೋಟದವರ ಮಗಳು. ಬಾಯಿ ಜೋರು, ನಗು ಅದಕ್ಕಿಂತ ಜೋರು. ಕೆಮ್ಮು ಹಿಡಿದು ಕ್ಷಯವೆಂದು ಗೊತ್ತಾದಾಗ ದವಾಖಾನೆಯ ನರ್ಸಬಾಯಿ ಗುಳಿಗೆ ಕೊಡುತ್ತಾ ಹೇಳಿದ್ದರು: "ಇದನ್ನ ನುಂಗಿದ್ರ ಕಣ್ಣೀರೂ ಕಿತ್ತಳಿ ಬಣ್ಣ ಆಗ್ತಾವ, ಹೆದರಬ್ಯಾಡ್ರಿ." ವೈನಿ ಹೆದರಲಿಲ್ಲ. ದಿನಾ ಬೆಳಗ್ಗೆ ನಮ್ಮ ಕಟ್ಟೆಯ ಮೇಲೆ ಕೂತು ನನ್ನೆದುರೇ ನುಂಗುತ್ತಿದ್ದಳು.

ಆದರೂ ಕೆಮ್ಮು ನಿಲ್ಲಲಿಲ್ಲ, ಮೈ ಇಳಿಯುತ್ತಲೇ ಹೋಯಿತು. ಆಗ ಶುರುವಾಯಿತು ನೋಡಿ, ಓಣಿಯವರ ಪಂಚಾಯಿತಿ. ಗುಳಿಗೆ ಮೋರಿಗೆ ಎಸೆಯುತ್ತಾಳಂತೆ, ಇಲ್ಲದಿದ್ದರೆ ಯಾಕೆ ವಾಸಿಯಾಗುವುದಿಲ್ಲ... ಸ್ವಂತ ಅತ್ತೆಯೇ "ತನ್ನ ಕೈಲೆ ತಾನ ಹಾಳ ಮಾಡ್ಕೊಂಡ್ಲು" ಎಂದಳು. ಅವತ್ತು ವೈನಿ ಅತ್ತಳು. ಕಣ್ಣೊರೆಸಿ ಕಿತ್ತಳೆ ಕಲೆಯಾದ ಟವೆಲನ್ನು ಮಾತ್ರ ಒಗೆಯಲಿಲ್ಲ, ಓಣಿಗೆ ಎದುರಾಗಿ ಹಗ್ಗದ ಮೇಲೆ ಹರವಿದಳು.

"ಇರ್ಲಿ ಬಿಡು ತಂಗಿ. ನುಂಗೇನೋ ಬಿಟ್ಟೇನೋ, ಬರೋರು ಹೋಗೋರು ನೋಡ್ಲಿ."

ಕಫವನ್ನು ವಿಜಯಪುರಕ್ಕೆ ಕಳಿಸಿ ಅದರಲ್ಲಿನ ರೋಗಾಣುವಿನ ಜೀನ್ ಪರೀಕ್ಷೆ ಮಾಡಿಸಿದ ಮೇಲೆ ಡಾಕ್ಟರು ವೈನಿ, ಅತ್ತೆ, ನಾನು ಮೂವರನ್ನೂ ಕೂರಿಸಿಕೊಂಡು ತಿಳಿಸಿ ಹೇಳಿದರು. ರೋಗಾಣುವಿನೊಳಗೆ ಗುಳಿಗೆಯ ಔಷಧ ಹೋಗಿ ಹಿಡಿಯುವ ಜಾಗವೊಂದಿದೆ. ಅದರ ಜೀನಿನಲ್ಲಿ ಚೂರು ಬದಲಾದರೂ ಸಾಕು, ಆ ಜಾಗದ ಆಕಾರ ಕೆಟ್ಟು ಔಷಧಕ್ಕೆ ಹಿಡಿತ ಸಿಗುವುದಿಲ್ಲ. ಹಾಗೆ ಬದಲಾದ ರೋಗಾಣುವೇ ಯಾರದೋ ಕೆಮ್ಮಿನಿಂದ ಇವಳಿಗೆ ಬಂದಿರಬೇಕು. "ದಿನಾ ನುಂಗಿದ್ರೂ ಆ ಗುಳಿಗಿ ನಾಟ್ತಿರಲಿಲ್ರಿ. ಇವ್ರ ತಪ್ಪಲ್ಲ."

ವೈನಿ ಅತ್ತೆಯ ಕಡೆ ತಿರುಗಿದಳು. "ಕೇಳಿದ್ರಿಲ್ಲೋ ಅತ್ತಿ? ಓಣ್ಯಾಗೂ ಹೇಳ್ರಿ."

ಅತ್ತೆ ಯಾರಿಗೂ ಹೇಳಲಿಲ್ಲ. ಬೇರೆ ಔಷಧ ಶುರುವಾಗುವ ಹೊತ್ತಿಗೆ ಶ್ವಾಸಕೋಶ ಬಹಳ ಹಾಳಾಗಿತ್ತು, ವೈನಿ ಉಳಿಯಲಿಲ್ಲ. ಅವಳ ಬಟ್ಟೆಯನ್ನೆಲ್ಲ ಸುಡಲು ರಾಶಿ ಹಾಕಿದಾಗ ಈ ಟವೆಲನ್ನು ನಾನು ಎಳೆದುಕೊಂಡು ಬಂದೆ. ಸಂಕಟಕ್ಕಿಂತ ಸಿಟ್ಟೇ ಹೆಚ್ಚಿತ್ತು. ಇವತ್ತಿಗೂ ಇದೆ.

ಮೊನ್ನೆ ನಾಲತವಾಡದ ಮದುವೆಯೊಂದರಲ್ಲಿ ಹಳೆ ಓಣಿಯ ಹೆಂಗಸೊಬ್ಬಳು ವೈನಿಯ ಮಾತು ತೆಗೆದು, "ಪಾಪ, ಗುಳಿಗಿ ಸರಿ ತಗೊಳ್ಳಿಲ್ಲ" ಎಂದಳು.

"ತಗೊಂಡಿದ್ಲ್ರಿ. ನಾ ನೋಡೇನಿ" ಎಂದೆ, ಪಂಕ್ತಿಯೆಲ್ಲ ತಿರುಗಿ ನೋಡುವಷ್ಟು ಜೋರಾಗಿ. ಮನೆಗೆ ಬಂದವಳೇ ಟ್ರಂಕಿಗೆ ಕೈ ಹಾಕಿದ್ದು ಅದಕ್ಕೇ.

ಈಗ ಟವೆಲು ನಮ್ಮ ಮನೆಯ ಮುಂದಿನ ಹಗ್ಗದ ಮೇಲಿದೆ, ಕಲೆ ಓಣಿಗೆ ಕಾಣುವ ಹಾಗೆ. ಕೇಳಿದವರಿಗೆಲ್ಲ ಹೇಳುತ್ತೇನೆ. ಹೇಳಲು ವೈನಿ ಇಲ್ಲವಲ್ಲ...